ಸ್ಥಳಸ್ಮೃತಿ ಮತ್ತು ದಾರಿಯರಿವು: ಮಿದುಳಿನ ಅಧ್ಯಯನದ ಚರಿತ್ರೆ

ಕಂಡ ಜಾಗಗಳನ್ನೂ ಅವುಗಳ ನಡುವಣ ದೂರ, ದಿಕ್ಕುಗಳನ್ನೂ ನೆನಪಿನಲ್ಲಿ ಹಿಡಿದಿಟ್ಟು ದಾರಿ ಕಂಡುಕೊಳ್ಳಲು ನೆರವಾಗುವ ಮಿದುಳಿನ ಸಾಮರ್ಥ್ಯಕ್ಕೆ ಸ್ಥಳಸ್ಮೃತಿ ಎನ್ನುತ್ತಾರೆ. ತಿರುವುಗಳ ಸರಣಿಯಾಗಿ ನೆನಪಿರುವ ದಾರಿ ಒಂದು ಬಗೆ, ಜಾಗಗಳ ಪರಸ್ಪರ ಸ್ಥಾನವನ್ನು ಒಟ್ಟಿಗೆ ತೋರುವ ನಕ್ಷೆ ಇನ್ನೊಂದು ಬಗೆ. ಕಲಬುರಗಿಗೆ ಆಳಂದ ವಾಯವ್ಯದಲ್ಲೂ ಅಫಜಲಪುರ ಪಡುವಣದಲ್ಲೂ ಜೇವರ್ಗಿ ತೆಂಕಣದಲ್ಲೂ ಇವೆ. ಈ ಮೂರು ಊರುಗಳಿಗೂ ಕಲಬುರಗಿಯಿಂದಲೇ ಹೋಗಿ ಬಂದಿರುವ ಒಬ್ಬನು ಆಳಂದದ ಬಸ್ ನಿಲ್ದಾಣದಲ್ಲಿ ನಿಂತು, ತಾನೆಂದೂ ನೇರವಾಗಿ ಹೋಗದ ಅಫಜಲಪುರ ತೆಂಕಣಕ್ಕೆ, ತುಸು ಪಡುವಣಕ್ಕೆ ವಾಲಿ ಇದೆಯೆಂದು ಕೈ ಮಾಡಿ ತೋರಿಸಬಲ್ಲನಾದರೆ ಅದು ನಕ್ಷೆಯ ಅರಿವು. ಕಲಬುರಗಿಗೇ ಮರಳಿ ಬಸ್ಸು ಬದಲಿಸಬೇಕೆಂಬುದಷ್ಟೇ ಗೊತ್ತಿದ್ದರೆ ಅದು ದಾರಿಯ ಅರಿವು. ಹೊಲದ ಎಲ್ಲೆಯನ್ನು ನಾಲ್ಕು ದಿಕ್ಕಿನಿಂದ ಬರೆಯುವ ಚಕ್ಕುಬಂದಿ ಮೊದಲ ಬಗೆಯದಲ್ಲ, ಎರಡನೆಯ ಬಗೆಯದು.

ಜನಪ್ರಿಯ ಬರಹಗಳು ಈ ಸಾಮರ್ಥ್ಯವನ್ನು ‘ಮಿದುಳಿನೊಳಗಿನ ಜಿಪಿಎಸ್’ ಎಂದು ಕರೆದು, ಅದರ ಚರಿತ್ರೆಯನ್ನು 1971ರಿಂದ 2014ರ ನೊಬೆಲ್ ಪ್ರಶಸ್ತಿಯವರೆಗಿನ ನೇರ ಗೆರೆಯಂತೆ ಹೇಳುವುದುಂಟು. ಹೋಲಿಕೆ ಅಷ್ಟಾಗಿ ಒಪ್ಪುವುದಿಲ್ಲ. ಜಿಪಿಎಸ್ ಆಕಾಶದ ಉಪಗ್ರಹಗಳನ್ನು ನೆಚ್ಚಿದರೆ, ಮಿದುಳು ತನ್ನದೇ ದೇಹದ ಚಲನೆಯನ್ನೂ ಕಣ್ಣಿಗೆ ಬಿದ್ದ ಗುರುತುಗಳನ್ನೂ ಕೂಡಿಸಿ ಲೆಕ್ಕ ಹಾಕುತ್ತದೆ. ಗೆರೆಯೂ ನೇರವಾಗಿಲ್ಲ.

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟೋಲ್‌ಮನ್ 1948ರಲ್ಲಿ, ಇಲಿಯು ತಿರುವುಗಳ ಅಭ್ಯಾಸವನ್ನು ಮಾತ್ರವಲ್ಲದೆ ಜಾಗದ ‘ಅರಿವಿನ ನಕ್ಷೆ’ಯನ್ನೂ ಕಲಿಯುತ್ತದೆ ಎಂದು ವಾದಿಸಿದನು. ಅದಕ್ಕೆ ಆಧಾರವಾದ ಪ್ರಯೋಗಗಳಲ್ಲಿ ಹೆಸರಾದದ್ದು 1946ರದು: ಕಲಿತ ದಾರಿಯನ್ನು ಮುಚ್ಚಿ, ಸೂರ್ಯಕಿರಣಗಳಂತೆ ಹರಡಿದ ಹಲವು ಹಾದಿಗಳನ್ನು ತೆರೆದಿಟ್ಟಾಗ, ಆಹಾರದ ಕಡೆಗೆ ನೇರವಾಗಿ ಹೋಗುವ ಹಾದಿಯನ್ನೇ ಹೆಚ್ಚು ಇಲಿಗಳು ಆರಿಸಿಕೊಂಡವು. ಆದರೆ ಆಹಾರವಿದ್ದ ಜಾಗದ ಬಳಿ ದೀಪವೊಂದು ಉರಿಯುತ್ತಿತ್ತು, ಇಲಿಗಳು ನಕ್ಷೆಯನ್ನಲ್ಲ, ಆ ಬೆಳಕನ್ನೇ ಅನುಸರಿಸಿರಬಹುದು ಎಂಬ ಆಕ್ಷೇಪ ಬಂದಿತು. ಮುಂದೆ ಇದೇ ಪ್ರಯೋಗವನ್ನು ಮಾಡಿದ ಎಲ್ಲರಿಗೂ ಅದೇ ಫಲ ಸಿಗಲಿಲ್ಲ. ಸರಿಯಾದ ಮಾತೊಂದು ದುರ್ಬಲ ಸಾಕ್ಷ್ಯದ ಮೇಲೆ ನಿಂತಿತ್ತು ಎನ್ನುವುದು ಉಚಿತ.

ಲಂಡನ್ನಿನಲ್ಲಿ 1971ರಲ್ಲಿ ಜಾನ್ ಓಕೀಫ್ ಮತ್ತು ಜೊನಾಥನ್ ದೊಸ್ತ್ರೊವ್‌ಸ್ಕಿ, ಕಡಲಕುದುರೆಯ ಆಕಾರದಿಂದ ಹೆಸರು ಪಡೆದ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ, ಇಲಿ ನಿರ್ದಿಷ್ಟ ಜಾಗದಲ್ಲಿದ್ದಾಗಷ್ಟೇ ಮಿಡಿಯುವ ನರಕೋಶಗಳನ್ನು, ಅಂದರೆ ಸ್ಥಾನಕೋಶಗಳನ್ನು, ವರದಿ ಮಾಡಿದರು. ಅಳೆದ 76 ಕೋಶಗಳಲ್ಲಿ ಹಾಗೆ ನಡೆದುಕೊಂಡವು 8 ಮಾತ್ರ. ಅನುಮಾನ ಪಟ್ಟವರು ಹಲವರಿದ್ದುದು ಸಹಜವೇ. ತಲೆ ಯಾವ ದಿಕ್ಕಿಗಿದೆ ಎಂಬುದನ್ನು ಸೂಚಿಸುವ ಕೋಶಗಳನ್ನು 1984ರಲ್ಲಿ ಜೇಮ್ಸ್ ರ‍್ಯಾಂಕ್ ತೋರಿಸಿಕೊಟ್ಟನು. ಪಕ್ಕದ ಎಂಟೊರೈನಲ್ ತೊಗಟೆಯಲ್ಲಿ, ನೆಲವನ್ನು ಜೇನುಗೂಡಿನಂತೆ ಆರು ಮೂಲೆಗಳ ಮಾದರಿಯಲ್ಲಿ ಅಳೆಯುವ ಜಾಲಕಕೋಶಗಳನ್ನು 2005ರಲ್ಲಿ ನಾರ್ವೆಯ ಮೊಸರ್ ದಂಪತಿಯ ತಂಡ ಪ್ರಕಟಿಸಿತು. ನೊಬೆಲ್ ಬಂದದ್ದು ಓಕೀಫ್ ಮತ್ತು ಮೊಸರ್ ದಂಪತಿಗೆ. ದಿಕ್ಕಿನ ಕೋಶಗಳಿಲ್ಲದೆ ನಕ್ಷೆ ಓದಲಾಗದಿದ್ದರೂ ರ‍್ಯಾಂಕ್ ಹೆಸರು ಆ ಪಟ್ಟಿಯಲ್ಲಿಲ್ಲ.

ಹಿಪ್ಪೊಕ್ಯಾಂಪಸ್ ಸ್ಥಳಕ್ಕೇ ಮೀಸಲಾದ ಅಂಗವೋ, ಎಲ್ಲ ಬಗೆಯ ನೆನಪಿಗೂ ಸಲ್ಲುವುದೋ ಎಂಬ ವಿವಾದ ಇನ್ನೂ ಮುಗಿದಿಲ್ಲ. ಅಪಸ್ಮಾರದ ಚಿಕಿತ್ಸೆಗೆಂದು 1953ರಲ್ಲಿ ಎರಡೂ ಬದಿಯ ಹಿಪ್ಪೊಕ್ಯಾಂಪಸ್ಸಿನ ಬಹುಭಾಗವನ್ನು ಕಳೆದುಕೊಂಡ, ‘ಎಚ್.ಎಂ.’ ಎಂದು ಹೆಸರಾದ ರೋಗಿಗೆ ಹೊಸ ಘಟನೆಗಳು ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಹಾಗಿದ್ದೂ ಶಸ್ತ್ರಚಿಕಿತ್ಸೆಯ ಬಳಿಕ ಹೋಗಿ ನೆಲೆಸಿದ ಮನೆಯ ಕೋಣೆಗಳ ನಕ್ಷೆಯನ್ನು ಬರೆದು ತೋರಿಸಬಲ್ಲವನಾಗಿದ್ದನು. ಎರಡು ಪಕ್ಷದವರೂ ಈ ಒಬ್ಬನನ್ನೇ ಸಾಕ್ಷಿ ಕರೆಯುತ್ತಾರೆ.

ಕೆಟ್ಟ ದಾರಿಯರಿವು ಮರಳಿ ಬಂದೀತೇ ಎಂಬ ಪ್ರಶ್ನೆಗೆ ಕರ್ನಾಟಕದ ಕೊಡುಗೆ ಇದೆ, ಜನಪ್ರಿಯ ಚರಿತ್ರೆಗಳು ಇದನ್ನು ದಾಖಲಿಸುವುದು ವಿರಳ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರಶರೀರಕ್ರಿಯಾ ವಿಭಾಗದಲ್ಲಿ ಟಿ. ಆರ್. ರಾಜು, ಬಿಂದು ಕುಟ್ಟಿ ಮುಂತಾದವರು, ಹಿಪ್ಪೊಕ್ಯಾಂಪಸ್ಸಿನಿಂದ ಸಂಕೇತಗಳು ಹೊರಹೋಗುವ ಬಾಗಿಲಿನಂತಿರುವ ಸಬಿಕ್ಯುಲಮ್ಮಿನ ಕೆಳಭಾಗವನ್ನು ಹಾಳುಮಾಡಿದ ಇಲಿಗಳಲ್ಲಿ ಹಿಪ್ಪೊಕ್ಯಾಂಪಸ್ ಮತ್ತು ಎಂಟೊರೈನಲ್ ತೊಗಟೆಯ ಕೋಶಗಳೂ ನಶಿಸುವುದನ್ನು, ಅದಕ್ಕೆ ತಕ್ಕಂತೆ ಜಾಗದ ಕಲಿಕೆ ಕುಗ್ಗುವುದನ್ನು 2003ರಲ್ಲಿ ತೋರಿಸಿದರು. ಬಾಗಿಲು ಮುರಿದರೆ ಮನೆಯೇ ಶಿಥಿಲವಾಗುತ್ತದೆ ಎಂಬುದು ಇದರ ತಾತ್ಪರ್ಯ. ಅದೇ ವಿಭಾಗದಲ್ಲಿ ಬಿ. ಎಸ್. ಶಂಕರನಾರಾಯಣ ರಾವ್ ಅವರ ತಂಡ ಇಲಿಗಳನ್ನು ದಿನಕ್ಕೆ 6 ಗಂಟೆಯಂತೆ 21 ದಿನ ಅಲುಗಾಡಲಾಗದಂತೆ ಇರಿಸಿ, ಈ ಒತ್ತಡದಿಂದ ಹಿಪ್ಪೊಕ್ಯಾಂಪಸ್ಸಿನ ನರಕೋಶಗಳ ಕವಲುಗಳು ಮೊಟಕಾಗುವುದನ್ನು ಕಂಡಿತು. ಅಂಥ ಇಲಿಯನ್ನು ನಡುವಿನ ಕಟ್ಟೆಯಿಂದ ಎಂಟು ಕೈಗಳು ಚಾಚಿರುವ, ಕೆಲವು ಕೈಗಳ ತುದಿಯಲ್ಲಷ್ಟೇ ಆಹಾರವಿಟ್ಟ ಜಟಿಲಪಥಕ್ಕೆ ಬಿಟ್ಟರೆ, ಆಗಲೇ ತಿಂದು ಬರಿದು ಮಾಡಿದ ಕೈಗೇ ಮತ್ತೆ ನುಗ್ಗುವಂಥ ತಪ್ಪುಗಳು ಹೆಚ್ಚುತ್ತವೆ. ಮಿದುಳಿನ ಸುಖಕೇಂದ್ರಕ್ಕೆ ತಾನೇ ವಿದ್ಯುತ್ ಪ್ರಚೋದನೆ ಕೊಟ್ಟುಕೊಳ್ಳುವ ಅವಕಾಶವನ್ನು ಇಲಿಗೆ ಒದಗಿಸಿದಾಗ ಕವಲುಗಳೂ ಜಾಗದ ನೆನಪೂ ಚೇತರಿಸಿಕೊಂಡವು ಎಂಬುದು 2008ರ ವರದಿ. ಮರುವರ್ಷ ಕುಟ್ಟಿ ಅವರ ತಂಡ, ಪ್ರಯೋಗಾಲಯದಲ್ಲಿ ಬೆಳೆಸಿದ ಹಿಪ್ಪೊಕ್ಯಾಂಪಲ್ ಕೋಶಗಳನ್ನು ಕಸಿಮಾಡಿ, ಸಬಿಕ್ಯುಲಮ್ ಹಾಳಾದ ಇಲಿಗಳ ಸ್ಥಳಕಲಿಕೆಯನ್ನು ಮರಳಿಸಿತು.

ಇತ್ತೀಚಿನ ಕೆಲಸ ಹೆಚ್ಚಾಗಿ ಗಣಿತ ಮಾದರಿಗಳತ್ತ, ಕೋಶಗಳ ನೇರ ಅಳತೆಯತ್ತ ಹೊರಳಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ರಿಷಿಕೇಶ್ ನಾರಾಯಣನ್ ಮತ್ತು ದಿವ್ಯಾಂಶ್ ಮಿತ್ತಲ್ 2021ರಲ್ಲಿ, ಒಂದೊಂದು ಕೋಶವೂ ಒಂದೊಂದು ಥರವಿದ್ದರೂ ಜಾಲಕದ ಮಾದರಿ ಚದುರದೆ ನಿಲ್ಲುವ ಬಗೆಯನ್ನು ಗಣಕ ಮಾದರಿಯಿಂದ ವಿವರಿಸಿದರು. ಅದೇ ಸಂಸ್ಥೆಯ ಸಚಿನ್ ದೇಶಮುಖ್ ಎಂಟೊರೈನಲ್ ತೊಗಟೆಯ ಹೊರಬದಿಯ ಕೋಶಗಳು ಜಾಗಕ್ಕಿಂತ ಅಲ್ಲಿರುವ ವಸ್ತುಗಳಿಗೆ ಸ್ಪಂದಿಸುವುದನ್ನು ಅಮೆರಿಕದಲ್ಲಿದ್ದಾಗಲೇ ಜೇಮ್ಸ್ ನೀರಿಮ್ ಜತೆ 2011ರಲ್ಲಿ ಪ್ರಕಟಿಸಿದ್ದರು. ಆಲ್ಜೈಮರ್ ಕಾಯಿಲೆಯಲ್ಲಿ ಮೊದಲಿಗೆ ಹಾನಿಗೊಳಗಾಗುವ ಭಾಗಗಳಲ್ಲಿ ಇದೇ ಎಂಟೊರೈನಲ್ ತೊಗಟೆ ಒಂದಾದ್ದರಿಂದ, ಪರಿಚಿತ ಊರಿನಲ್ಲೇ ದಾರಿ ತಪ್ಪುವುದು ಆ ಕಾಯಿಲೆಯ ಆರಂಭದ ಲಕ್ಷಣಗಳಲ್ಲಿ ಸೇರಿದೆ.