ಟ್ಯಾಂಕರ್ ಮೇಲಿನ ಆ ನಾಲ್ಕು ಅಂಕಿ

2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ ಬೆಂಕಿ ಹತ್ತಿಕೊಂಡದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಹೆದ್ದಾರಿ ಬದಿಯ ಮನೆಗಳು ಸುಟ್ಟುಹೋದವು, ಜೀವಗಳೂ ಹೋದವು. ಆ ರಾತ್ರಿ ಅಂಗಡಿ ಮುಚ್ಚಿ ಬಂದ ಉಪ್ಪ ನನ್ನಲ್ಲಿ ಕೇಳಿದರು: “ನೀನು ಮೆಕ್ಯಾನಿಕಲ್ ಕಲಿತವನಲ್ವಾ? ನಮ್ಮ ಅಂಗಡಿ ಎದುರು ಹಾಗೆ ಬಿದ್ದರೆ ಏನು ಮಾಡಬೇಕು?” ನನ್ನಲ್ಲಿ ಉತ್ತರವಿರಲಿಲ್ಲ.

ಈಗ ಕೆಲಸದ ಕಾರಣ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿದ್ದೇನೆ. ವಿಜಯಪುರದ ಕಡೆ ಹೋಗುವ ಟ್ಯಾಂಕರ್ ಕಂಡಾಗಲೆಲ್ಲ ಆ ಪ್ರಶ್ನೆ ನೆನಪಾಗುತ್ತದೆ. ಉತ್ತರ ಹುಡುಕುತ್ತಾ ಹೋದರೆ ಅದು ಹಳೆಯ ಮುಂಬೈಗೆ ಮುಟ್ಟಿಸಿತು.

1944ರ ಏಪ್ರಿಲ್ 14. ಮುಂಬೈಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ‘ಫೋರ್ಟ್ ಸ್ಟೈಕಿನ್’ ಹಡಗಿಗೆ ಬೆಂಕಿ ಬಿತ್ತು. ಒಳಗೆ ಹತ್ತಿ ಬೇಲುಗಳ ಜೊತೆಗೇ ಸುಮಾರು 1,400 ಟನ್ ಸ್ಫೋಟಕ ಇತ್ತು. ಸ್ಫೋಟಕ ಇದೆ ಎಂದು ಎಚ್ಚರಿಸುವ ಕೆಂಪು ಬಾವುಟವನ್ನು ಹಡಗು ಹಾರಿಸಿರಲಿಲ್ಲ. ಅಗ್ನಿಶಾಮಕದವರು ಹತ್ತಿರ ನಿಂತು ನೀರು ಹಾಯಿಸುತ್ತಿದ್ದಾಗಲೇ ಸಂಜೆ ನಾಲ್ಕರ ಹೊತ್ತಿಗೆ ಹಡಗು ಸಿಡಿಯಿತು. ನೂರಾರು ಜನ ಸತ್ತರು, ಅವರಲ್ಲಿ 66 ಮಂದಿ ಅಗ್ನಿಶಾಮಕ ಸಿಬ್ಬಂದಿ. ಅವರ ನೆನಪಿಗೆ ದೇಶದಾದ್ಯಂತ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ.

ನಲವತ್ತು ವರ್ಷಗಳ ನಂತರ, 1984ರ ಡಿಸೆಂಬರಿನಲ್ಲಿ ಭೋಪಾಲ. ಬಂದದ್ದು ಯಾವ ಅನಿಲ, ಅದಕ್ಕೆ ಏನು ಚಿಕಿತ್ಸೆ ಎಂಬುದು ಆ ರಾತ್ರಿ ಆಸ್ಪತ್ರೆಯ ವೈದ್ಯರಿಗೇ ಗೊತ್ತಿರಲಿಲ್ಲ. ಎರಡೂ ಕಡೆ ಕೊರತೆಯಾದದ್ದು ಧೈರ್ಯವಲ್ಲ, ಮಾಹಿತಿ.

ಭೋಪಾಲದ ನಂತರ ಕಾನೂನು ಬದಲಾಯಿತು. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮದಂತೆ ಕಾರ್ಖಾನೆಯ ಒಳಗಿನ ತುರ್ತು ಯೋಜನೆಯನ್ನು ಮಾಲೀಕರು ಮಾಡಬೇಕು, ಹೊರಗಿನದ್ದನ್ನು ಜಿಲ್ಲಾಡಳಿತ ಸಿದ್ಧಪಡಿಸಬೇಕು. 1996ರ ನಿಯಮ ಜಿಲ್ಲಾ ಮಟ್ಟದ ಬಿಕ್ಕಟ್ಟು ನಿರ್ವಹಣಾ ಸಮಿತಿಗಳನ್ನು ತಂದಿತು. ಪಣಂಬೂರು, ಕುತ್ತೆತ್ತೂರು ಕಡೆಯ ಕಾರ್ಖಾನೆಗಳಲ್ಲಿ ಸೈರನ್ ಊದಿ ನಡೆಸುವ ಅಣಕು ಕಾರ್ಯಾಚರಣೆಗಳು ಈ ನಿಯಮಗಳ ಫಲ. ಮೋಟಾರು ವಾಹನ ನಿಯಮವೂ ಟ್ಯಾಂಕರ್ ಮೇಲೆ ಮಾಹಿತಿ ಫಲಕ ಕಡ್ಡಾಯ ಮಾಡಿತು. ಅದರಲ್ಲಿ ನಾಲ್ಕು ಅಂಕಿ ಇರುತ್ತದೆ: 1075 ಎಂದರೆ ಅಡುಗೆ ಅನಿಲ, 1203 ಪೆಟ್ರೋಲ್, 1005 ಅಮೋನಿಯ. ಮುಂಬೈಯಲ್ಲಿ ಹಾರದ ಕೆಂಪು ಬಾವುಟದ ಕೆಲಸವನ್ನು ಇಂದು ಈ ಅಂಕಿ ಮಾಡುತ್ತದೆ.

ಅಗ್ನಿಶಾಮಕದವರು ಮೊದಲು ನೋಡುವುದು ಇದನ್ನೇ, ಸಾಧ್ಯವಾದರೆ ದೂರದಿಂದ. ನಂತರ ಗಾಳಿಯ ದಿಕ್ಕು. ಅಡುಗೆ ಅನಿಲ ಗಾಳಿಗಿಂತ ಭಾರ. ಮೇಲೇರಿ ಹೋಗದೆ ಚರಂಡಿ, ತಗ್ಗು ಹಿಡಿದು ಹರಿಯುತ್ತದೆ. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ಎರಡು ಪಾಲು ಸೇರಿದರೂ ಒಂದು ಕಿಡಿ ಸಾಕು. ಆದ್ದರಿಂದ ಅವರು ನೀರನ್ನು ತುಂತುರಾಗಿ ಹಾಯಿಸಿ ಅನಿಲವನ್ನು ಚದುರಿಸುತ್ತಾರೆ, ಟ್ಯಾಂಕನ್ನು ತಣ್ಣಗಿಡುತ್ತಾರೆ. ಸೋರಿಕೆ ನಿಲ್ಲಿಸಲಾಗದಿದ್ದರೆ ಉರಿಯುವ ಜ್ವಾಲೆಯನ್ನು ಆರಿಸುವುದೂ ಇಲ್ಲ, ಯಾಕೆಂದರೆ ಆರಿದ ಮೇಲೆ ಅನಿಲ ಹರಡಿ ಮತ್ತೊಂದು ಕಡೆ ಹೊತ್ತಿಕೊಳ್ಳುತ್ತದೆ. 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಚಾಲದಲ್ಲಿ ಮಂಗಳೂರಿನಿಂದ ಹೊರಟಿದ್ದ ಟ್ಯಾಂಕರ್ ಉರುಳಿದಾಗ ಹೀಗೆ ಹರಡಿದ ಅನಿಲಕ್ಕೇ ಬೆಂಕಿ ತಗುಲಿತು. 20 ಜನ ತೀರಿಹೋದರು.

ಅಗ್ನಿಶಾಮಕ ವ್ಯವಸ್ಥೆ ಎಲ್ಲ ಕಡೆ ಒಂದೇ ಬಗೆಯದ್ದಲ್ಲ. ಕರ್ನಾಟಕದಲ್ಲಿ 1964ರ ಕಾಯ್ದೆಯಿಂದ ಅದು ರಾಜ್ಯ ಸರಕಾರದ ಇಲಾಖೆ. ಮಹಾರಾಷ್ಟ್ರದಲ್ಲಿ ಹೆಚ್ಚಾಗಿ ಆಯಾ ಮಹಾನಗರಪಾಲಿಕೆ, ನಗರಪರಿಷತ್ತುಗಳದ್ದು. ಜತ್ತದಂಥ ಹಳ್ಳಿಗಳೇ ತುಂಬಿದ, ವಿಶಾಲವಾದ ಗಡಿ ತಾಲ್ಲೂಕಿನಲ್ಲಿ ಇದು ಸಣ್ಣ ವಿಷಯವಲ್ಲ. ಅಪಾಯವೂ ದೂರದ್ದಲ್ಲ: 2024ರ ನವೆಂಬರಿನಲ್ಲಿ ಇದೇ ಜಿಲ್ಲೆಯ ಕಡೆಗಾಂವ್ ತಾಲ್ಲೂಕಿನ ಶಾಳಗಾಂವ್‌ನ ಕಾರ್ಖಾನೆಯೊಂದರಲ್ಲಿ ಅನಿಲ ಸೋರಿ ಮೂವರು ಸತ್ತರು. ವಾಹನ ಎಲ್ಲಿಂದಲೇ ಬರಲಿ, ಬರುವ ತನಕದ ಹೊತ್ತು ಊರಿನವರ ಕೈಯಲ್ಲಿರುತ್ತದೆ.

ಆ ಹೊತ್ತಿನ ಬಗ್ಗೆಯೇ ನನಗೆ ಹೆದರಿಕೆ. ಹೆದ್ದಾರಿಯಲ್ಲಿ ಅಪಘಾತವಾದರೆ ಮೊದಲು ಓಡುವವರು ನಮ್ಮ ಹುಡುಗರು. ಅದು ನಮ್ಮ ಸಮುದಾಯದ ಒಳ್ಳೆಯ ಗುಣ, ಅದರಿಂದ ಎಷ್ಟೋ ಜೀವ ಉಳಿದಿದೆ. ಆದರೆ ಬಸ್ಸಿನ ಬಳಿ ಓಡಿದಂತೆ ಗ್ಯಾಸ್ ಟ್ಯಾಂಕರ್ ಬಳಿ ಓಡಬಾರದು. ಅಲ್ಲಿ ಬೈಕ್ ಸ್ಟಾರ್ಟ್ ಮಾಡುವುದು, ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಾ ನಿಲ್ಲುವುದು ಎರಡೂ ಅಪಾಯ.

ಕಳೆದ ಸಲ ಊರಿಗೆ ಹೋದಾಗ ಉಪ್ಪನಿಗೆ ಉತ್ತರ ಹೇಳಿದೆ: “ಶಟರ್ ಎಳೆಯಲು ನಿಲ್ಲಬೇಡಿ. ವಾಸನೆ ಬಂದ ಮೇಲೆ ಸ್ವಿಚ್ ಮುಟ್ಟಬೇಡಿ. ಗಾಳಿ ನಮ್ಮ ಕಡೆ ಬೀಸುತ್ತಿದ್ದರೆ ಅಡ್ಡಕ್ಕೆ ಸರಿದು, ತಗ್ಗು ಬಿಟ್ಟು ಎತ್ತರದ ಕಡೆ ದೂರ ಹೋಗಿ. ಅಕ್ಕಪಕ್ಕದವರನ್ನೂ ಕರಕೊಳ್ಳಿ. ದೂರ ಹೋದ ಮೇಲೆ 101ಕ್ಕೋ 112ಕ್ಕೋ ಫೋನ್ ಮಾಡಿ ಜಾಗ ಹೇಳಿ. ಆ ನಾಲ್ಕು ಅಂಕಿ ಕಂಡಿದ್ದರೆ ಅದನ್ನೂ ಹೇಳಿ.”

ಉಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಸಾಲದ ಪುಸ್ತಕದ ರಟ್ಟಿನ ಒಳಗೆ ಬರೆದುಕೊಂಡರು: 1075.