ನಾಣ್ಯದ ಅಣುವಿಗೆ ನಾಮಕರಣ

ಪೂರ್ವದಲ್ಲಿ ಅನೇಕ ಅರಸರು ತಮ್ಮ ನಾಮವನ್ನು ಹೊನ್ನಿನ ಮೇಲೆಯೇ ಅಚ್ಚೊತ್ತಿಸುತ್ತಿದ್ದರು. ಲೋಹವಿಲ್ಲದೆ, ಗಣಕಯಂತ್ರಗಳ ಲೆಕ್ಕದಲ್ಲಿಯೇ ಜೀವಿಸುವ ಬಿಟ್‌ಕಾಯಿನ್ ಎಂಬ ನಾಣ್ಯದಲ್ಲಿ ಈ ಕ್ರಮವು ತಲೆಕೆಳಗಾಗಿದೆ. 2008ರಲ್ಲಿ ಅದರ ವಿಧಾನವನ್ನು ಸತೋಶಿ ನಾಕಾಮೊಟೊ ಎಂಬ ಹೆಸರಿನಿಂದ ಪ್ರಕಟಿಸಿದವರು ಯಾರೆಂಬುದು ಇಂದಿಗೂ ನಿರ್ಣೀತವಾಗಿಲ್ಲ. ಆ ಹೆಸರು ನಿಂತಿರುವುದಾದರೋ ಇಡಿಯ ನಾಣ್ಯಕ್ಕಲ್ಲ, ಅದರ ಹತ್ತು ಕೋಟಿಯಲ್ಲೊಂದು ಪಾಲಿಗೆ. ‘ಲೀಲಾವತಿ’ಯ ಗಣನೆಯಂತೆ ಹೇಳುವುದಾದರೆ, ಒಂದು ಅರ್ಬುದ ಸತೋಶಿಗಳು ಕೂಡಿ ಒಂದು ಬಿಟ್‌ಕಾಯಿನ್.

2015ರಲ್ಲಿ ಚಲಾವಣೆಗೆ ಬಂದ ಈಥರ್ ಎಂಬ ಮತ್ತೊಂದು ನಾಣ್ಯದ ಕಿರಿಯ ಅಂಶವು ‘ವೇಯ್’. 1998ರಲ್ಲಿಯೇ ಇಂತಹ ಹಣವನ್ನು ಕಲ್ಪಿಸಿ ಬರೆದ ವೇಯ್ ದಾಯ್ ಅವರ ಸ್ಮರಣೆಯದು. ಹತ್ತು ಪರಾರ್ಧ ವೇಯ್‌ಗಳು ಒಂದು ಈಥರ್. ಭಾಸ್ಕರಾಚಾರ್ಯರ ಸಂಖ್ಯಾನಾಮಗಳಾದರೋ ಪರಾರ್ಧಕ್ಕೇ ನಿಲ್ಲುತ್ತವೆ!

ಇಡಿಯ ನಾಣ್ಯವು ಸಾಮಾನ್ಯನ ಕೈಗೆಟುಕದಷ್ಟು ಬೆಲೆಯೇರಿದಾಗ ಅವನಿಗೆ ದಕ್ಕುವುದು ಈ ಚೂರುಗಳೇ. ಆದುದರಿಂದ ಕಿರಿದಕ್ಕೆ ಹೆಸರಿಟ್ಟುದು ಕೇವಲ ವಿನೋದವಲ್ಲ. ಬಡವನ ಪಾಲನ್ನೂ ಲೆಕ್ಕಕ್ಕೆ ತಂದಂತೆ.