ಯೋಜನಾಧಾರಿತ ಫುಟ್‌ಬಾಲ್ ಕಲಿಕೆ

ಪಾಸ್, ಡ್ರಿಬ್ಲಿಂಗ್, ಚೆಂಡು ತಡೆಯುವುದು ಮೊದಲಾದ ಫುಟ್‌ಬಾಲ್ ಕೌಶಲಗಳನ್ನು ಬಿಡಿಬಿಡಿಯಾಗಿ ಕವಾಯತು ಮಾಡಿಸದೆ, ಮಕ್ಕಳು ತಂಡವಾಗಿ ಕೆಲವು ವಾರ ನಡೆಸುವ ಯೋಜನೆಯ ಮೂಲಕ ಕಲಿಸುವ ದೈಹಿಕ ಶಿಕ್ಷಣ ವಿಧಾನ. ಇದರ ಬೇರು ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿಯವರ ವಿಚಾರಗಳಲ್ಲಿದೆ. ಅವರ ಶಿಷ್ಯ ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್ 1918ರ ಲೇಖನವೊಂದರಲ್ಲಿ ಯೋಜನಾ ಪದ್ಧತಿಯನ್ನು ವಿವರಿಸಿದರು. ಇಂಗ್ಲೆಂಡಿನ ಬಂಕರ್ ಮತ್ತು ಥಾರ್ಪ್ 1982ರಲ್ಲಿ ಮಂಡಿಸಿದ, ಆಟದ ಅರಿವನ್ನು ಮುಂದಿಟ್ಟ ಬೋಧನೆಯೂ ಡ್ಯಾರಿಲ್ ಸೀಡೆನ್‌ಟಾಪ್ ರೂಪಿಸಿದ, ಮಕ್ಕಳೇ ಆಟಗಾರ, ರೆಫರಿ, ಅಂಕ ಬರೆಯುವವರಾಗುವ ಕ್ರೀಡಾ ಶಿಕ್ಷಣ ಮಾದರಿಯೂ ಇದಕ್ಕೆ ಹತ್ತಿರದವು.

ಯೋಜನೆ ಹೊರಡುವುದು ಒಂದು ಪ್ರಶ್ನೆಯಿಂದ: ನಮ್ಮ ಪಾಸ್‌ಗಳು ಎದುರಾಳಿಗೇಕೆ ಸಿಗುತ್ತಿವೆ? ಒಂದು ಗುಂಪು ಆಡುತ್ತದೆ, ಇನ್ನೊಂದು ಗೆರೆಯಾಚೆ ಕುಳಿತು ಗೀಟು ಹಾಕಿ ಎಣಿಸುತ್ತದೆ. ಪಾದದ ಒಳಬದಿಯಿಂದ ತಳ್ಳಿದ್ದೆಷ್ಟು, ಹೆಬ್ಬೆರಳಿನ ತುದಿಯಿಂದ ಒದ್ದಿದ್ದೆಷ್ಟು ಎಂದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಆ ಲೆಕ್ಕದ ಆಧಾರದ ಮೇಲೆ ಮಕ್ಕಳೇ ಅಭ್ಯಾಸ ಹೆಣೆದು, ಕೊನೆಗೆ ಕಿರು ಪಂದ್ಯಾವಳಿ ನಡೆಸುತ್ತಾರೆ.

ದೊಡ್ಡ ತೊಡಕು ಸಮಯದ್ದು. ಚರ್ಚೆ, ಚಾರ್ಟುಗಳಲ್ಲೇ ಪಿರಿಯಡ್ ಮುಗಿದರೆ ಕಾಲಿಗೆ ಚೆಂಡು ತಾಗುವುದೇ ಇಲ್ಲ; ಅದು ಯೋಜನೆಯಾದೀತೇ ಹೊರತು ದೈಹಿಕ ಶಿಕ್ಷಣವಾಗದು. ಆಟವನ್ನೂ ಪಾಠವನ್ನೂ ಜೋಡಿಸುವ ಇದೇ ದಿಕ್ಕಿನಲ್ಲಿ, ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕ್ರೀಡೆಯನ್ನು ಪಾಠದೊಳಗೆ ಬೆಸೆಯುವ ಕಲಿಕೆಯನ್ನು ಶಿಫಾರಸು ಮಾಡಿದೆ.